ಆಳಂದಿಗೆ ಹೋಗುವವರಿಗೆ: ಪಲ್ಲಕ್ಕಿ ಹೊರಡುವ ಮುಂಚೆ ಎರಡು ದಿನ

ಮೊದಲೇ ಒಂದು ಗೊಂದಲ ಕಳೆದುಬಿಡೋಣ. ಇದು ಕಲಬುರಗಿ ಜಿಲ್ಲೆಯ ಆಳಂದ ಅಲ್ಲ. ಪುಣೆಯಿಂದ ಸುಮಾರು 25 ಕಿಲೋಮೀಟರ್ ದೂರದಲ್ಲಿ, ಇಂದ್ರಾಯಣಿ ನದಿಯ ದಂಡೆಯಲ್ಲಿರುವ ಆಳಂದಿ. ಸಂತ ಜ್ಞಾನೇಶ್ವರರು ಸಮಾಧಿಯಾದ ಊರು. ಪ್ರತಿವರ್ಷ ಅವರ ಪಾದುಕೆಗಳನ್ನು ಪಲ್ಲಕ್ಕಿಯಲ್ಲಿಟ್ಟು ಇಲ್ಲಿಂದ ಪಂಢರಪುರಕ್ಕೆ ಒಯ್ಯುತ್ತಾರೆ. ಹಿಂದೆ ಮುಂದೆ ಲಕ್ಷಗಟ್ಟಲೆ ಜನ ನಡೆಯುತ್ತಾರೆ. ಸುಮಾರು 250 ಕಿಲೋಮೀಟರ್, ಹೆಚ್ಚುಕಡಿಮೆ ಮೂರು ವಾರ. ಇದಕ್ಕೇ ವಾರಿ ಅನ್ನುವುದು. ನಡೆಯುವವರು ವಾರಕರಿಗಳು.

ನಾನು ಮೊದಲ ಸಲ ಹೋದಾಗ ಎಲ್ಲರೂ ಮಾಡುವ ತಪ್ಪನ್ನೇ ಮಾಡಿದೆ. ಪಲ್ಲಕ್ಕಿ ಹೊರಡುವ ದಿನವೇ ಹೋದೆ. ನಸುಕಿನಲ್ಲಿ ಚಿಕ್ಕೋಡಿ ಕಡೆಯಿಂದ ಕಾರಿನಲ್ಲಿ ಹೊರಟವನು ಮಧ್ಯಾಹ್ನ ಆಳಂದಿ ಹೊರಗೆ ಸಿಕ್ಕಿಬಿದ್ದೆ. ಅಲ್ಲಿಂದ ಮುಂದೆ ಕಾರು ಬಿಡಲಿಲ್ಲ. ಬಿಸಿಲಲ್ಲಿ ನಡೆದು ಊರು ಸೇರಿದರೆ ದೇವಸ್ಥಾನದ ಬಾಗಿಲೂ ಕಾಣಲಿಲ್ಲ. ಸಂಜೆ ಫೋನಿನಲ್ಲಿ ನಮ್ಮ ಸೋದರತ್ತೆ ನಕ್ಕರು. ಅವರು ಹತ್ತಾರು ವರ್ಷ ವಾರಿ ನಡೆದವರು. "ತಮ್ಮಾ, ಹೊರಡೂ ದಿನ ಊರು ಕಾಣೂದಿಲ್ಲ. ಬರೇ ಬೆನ್ನು ಕಾಣ್ತಾವ. ಊರು ನೋಡಬೇಕಂದ್ರ ಎರಡು ದಿನ ಮೊದಲ ಬಾ" ಅಂದರು.

ಮುಂದಿನ ವರ್ಷ ಹಾಗೇ ಮಾಡಿದೆ. ಈ ಬರಹ ಆ ಎರಡು ದಿನದ ಲೆಕ್ಕದಲ್ಲೇ ಇದೆ: ಎರಡು ದಿನ ಊರು, ಮೂರನೇ ದಿನ ಪ್ರಸ್ಥಾನ, ನಾಲ್ಕನೇ ದಿನ ಕಾಲ್ನಡಿಗೆ.

ಯಾವಾಗ ಹೋಗಬೇಕು

ಕ್ಯಾಲೆಂಡರಿನ ತಾರೀಖು ನೆಚ್ಚಬೇಡಿ, ಪಂಚಾಂಗ ನೋಡಿ. ಆಳಂದಿಯಿಂದ ಪಲ್ಲಕ್ಕಿ ಹೊರಡುವುದು ಜ್ಯೇಷ್ಠ ಬಹುಳ ಅಷ್ಟಮಿಗೆ. ಅದರ ಹಿಂದಿನ ದಿನ ದೇಹು ಎಂಬ ಊರಿಂದ ತುಕಾರಾಮರ ಪಲ್ಲಕ್ಕಿ ಹೊರಡುತ್ತದೆ. ಎರಡೂ ಪಂಢರಪುರ ಸೇರುವುದು ಆಷಾಢ ಶುದ್ಧ ಏಕಾದಶಿಯ ಹೊತ್ತಿಗೆ. ನಮ್ಮ ತಿಂಗಳ ಲೆಕ್ಕವೂ ಮಹಾರಾಷ್ಟ್ರದ ಲೆಕ್ಕವೂ ಒಂದೇ. ಹಾಗಾಗಿ ಮನೆಯ ಗೋಡೆಯಲ್ಲಿ ತೂಗುಹಾಕಿದ ಪಂಚಾಂಗವೇ ಸಾಕು.

ಉದಾಹರಣೆಗೆ 2025ರಲ್ಲಿ ದೇಹು ಪಲ್ಲಕ್ಕಿ ಜೂನ್ 18ಕ್ಕೆ, ಆಳಂದಿಯದು ಜೂನ್ 19ಕ್ಕೆ ಹೊರಟಿತು. ಏಕಾದಶಿ ಜುಲೈ 6ಕ್ಕಿತ್ತು. 2026ರಲ್ಲಿ ಅಧಿಕ ಜ್ಯೇಷ್ಠ ಬರುವುದರಿಂದ ಎಲ್ಲವೂ ಮುಂದಕ್ಕೆ ಹೋಗಿ ಏಕಾದಶಿ ಜುಲೈ 25ಕ್ಕೆ ಬೀಳುತ್ತದೆ. ಅಧಿಕ ಮಾಸ ಮರೆತು ಒಂದು ತಿಂಗಳು ಮುಂಚೆ ರೈಲು ಟಿಕೆಟ್ ಮಾಡಿಸಿದವರನ್ನು ನಾನು ಬಲ್ಲೆ.

ಪಲ್ಲಕ್ಕಿ ಬೇಡ, ಸುಮ್ನೆ ಊರು ಸಾಕು ಅನ್ನುವವರು ಚಳಿಗಾಲದಲ್ಲಿ ಯಾವುದಾದರೂ ವಾರದ ದಿನ ಹೋಗಿ. ಏಕಾದಶಿ ಮಾತ್ರ ತಪ್ಪಿಸಿ, ಪ್ರತಿ ಏಕಾದಶಿಗೂ ಇಲ್ಲಿ ಸಾಲು ಉದ್ದ. ಕಾರ್ತಿಕ ಬಹುಳ ತ್ರಯೋದಶಿ ಜ್ಞಾನೇಶ್ವರರು ಸಮಾಧಿಯಾದ ತಿಥಿ. ಆಗಲೂ ದೊಡ್ಡ ಜಾತ್ರೆ. ಆ ವಾರವೂ ಊರು ಕಾಣುವುದಿಲ್ಲ.

ತಲುಪುವುದು

ಬೆಂಗಳೂರಿನವರಿಗೆ ಉದ್ಯಾನ್ ಎಕ್ಸ್‌ಪ್ರೆಸ್ ಇದೆ. ರಾಯಚೂರು, ಕಲಬುರಗಿ, ಸೊಲ್ಲಾಪುರದ ಮೇಲಿಂದ ಪುಣೆಗೆ ಬರುತ್ತದೆ. ಹುಬ್ಬಳ್ಳಿ, ಧಾರವಾಡ, ಬೆಳಗಾವಿಯವರಿಗೆ 2024ರಿಂದ ಹುಬ್ಬಳ್ಳಿ–ಪುಣೆ ವಂದೇ ಭಾರತ್ ಇದೆ. ಅದು ವಾರದ ಎಲ್ಲ ದಿನ ಓಡುವುದಿಲ್ಲ, ದಿನ ನೋಡಿಕೊಂಡು ಟಿಕೆಟ್ ಮಾಡಿಸಿ. ಬೆಳಗಾವಿಯಿಂದ ರಾತ್ರಿ ಬಸ್ಸು ಹತ್ತಿದರೆ ಬೆಳಗ್ಗೆ ಪುಣೆಯ ಸ್ವಾರಗೇಟಿನಲ್ಲಿ ಇಳಿಯಬಹುದು. ನನಗೆ ಇದೇ ಸಲೀಸು.

ಪುಣೆಯಿಂದ ಆಳಂದಿಗೆ ನಗರ ಸಾರಿಗೆಯ ಪಿಎಂಪಿಎಂಎಲ್ ಬಸ್ಸುಗಳಿವೆ. ಸ್ವಾರಗೇಟಿನಿಂದಲೂ ಸಿಗುತ್ತವೆ, ರೈಲು ನಿಲ್ದಾಣದ ಕಡೆಯಿಂದಲೂ ಸಿಗುತ್ತವೆ. ಹತ್ತುವ ಮುಂಚೆ "ದೇವಾಚಿ ಆಳಂದಿ" ಅಂತ ಕೇಳಿ. ಯಾಕಂದರೆ ಪುಣೆಯ ಇನ್ನೊಂದು ದಿಕ್ಕಿಗೆ, ಲೋಣಿ ಕಾಳಭೋರ್ ಕಡೆ, ಆಳಂದಿ ಮ್ಹಾತೋಬಾಚಿ ಎಂಬ ಬೇರೆ ಊರಿದೆ. ಫೋನಿನ ಮ್ಯಾಪಿನಲ್ಲಿ ಬರೀ ಆಳಂದಿ ಅಂತ ಒತ್ತಿ ಅಲ್ಲಿಗೆ ಹೋಗಿ ನಿಂತವರಿದ್ದಾರೆ.

ಸ್ವಂತ ಕಾರು ಬೇಡ. ಪ್ರಸ್ಥಾನದ ಹಿಂದೆಮುಂದೆ ಪೊಲೀಸರು ಊರಿನ ರಸ್ತೆಗಳಿಗೆ ವಾಹನ ಬಿಡುವುದಿಲ್ಲ. ಒಳಗೆ ಸೇರಿದ ಕಾರು ಹೊರಗೆ ಬರುವುದು ಇನ್ನೂ ಕಷ್ಟ.

ಉಳಿಯುವುದು

ಆಳಂದಿ ತುಂಬ ಧರ್ಮಶಾಲೆಗಳು. ಬೇರೆ ಬೇರೆ ಊರಿನವರು, ಸಮಾಜದವರು ಕಟ್ಟಿಸಿದ್ದಾರೆ. ವರ್ಷದ ಉಳಿದ ದಿನ ಆಧಾರ್ ಕಾರ್ಡ್ ತೋರಿಸಿದರೆ ಸುಲಭವಾಗಿ ಕೋಣೆ ಸಿಗುತ್ತದೆ. ವಾರಿಯ ದಿನಗಳಲ್ಲಿ ಅವೆಲ್ಲ ದಿಂಡಿಗಳಿಗೆ ಮೊದಲೇ ಹೋಗಿರುತ್ತವೆ. ದಿಂಡಿ ಅಂದರೆ ಒಟ್ಟಿಗೆ ನಡೆಯುವ, ಒಟ್ಟಿಗೆ ಉಣ್ಣುವ ಒಂದು ತಂಡ. ಅದಕ್ಕೊಂದು ನಂಬರು ಇರುತ್ತದೆ, ಮೆರವಣಿಗೆಯಲ್ಲಿ ಒಂದು ಜಾಗ ಇರುತ್ತದೆ.

ನಿಮ್ಮ ಊರಿನ ಯಾರಾದರೂ ದಿಂಡಿಯಲ್ಲಿ ಹೋಗುತ್ತಿದ್ದರೆ ಅವರ ಜೊತೆ ಮಾತಾಡಿ. ಚಾಪೆ ಹಾಸುವಷ್ಟು ಜಾಗ ಸಿಕ್ಕಿಯೇ ಸಿಗುತ್ತದೆ. ಇಲ್ಲದಿದ್ದರೆ ಪಿಂಪ್ರಿ-ಚಿಂಚ್‌ವಡ್ ಅಥವಾ ಪುಣೆಯಲ್ಲಿ ಲಾಡ್ಜ್ ಹಿಡಿದು ಬೆಳಗ್ಗೆ ಬೇಗ ಬನ್ನಿ. ಒಂದು ವಿಚಿತ್ರ: ಮದುವೆ ಸೀಸನ್ನಿನಲ್ಲೂ ಆಳಂದಿಯಲ್ಲಿ ಕೋಣೆ ಸಿಗುವುದಿಲ್ಲ. ಮದುವೆಗೇ ಹೆಸರಾದ ಊರಿದು. ಗಲ್ಲಿಗೊಂದು ಮಂಗಲ ಕಾರ್ಯಾಲಯ.

ಮೊದಲ ದಿನ: ಊರು

ಬೆಳಗ್ಗೆ ಐದಕ್ಕೆ ಎದ್ದು ಮೊದಲು ಘಾಟಿಗೆ ಹೋಗಿ. ಇಂದ್ರಾಯಣಿಯ ಎರಡೂ ದಂಡೆಗೆ ಕಲ್ಲಿನ ಮೆಟ್ಟಿಲು. ಅಷ್ಟು ಹೊತ್ತಿಗೇ ಹೆಂಗಸರು ಹಣತೆ ತೇಲಿಬಿಡುತ್ತಿರುತ್ತಾರೆ. ಧೋತರ ಒಣಹಾಕಿದವರು, ಗೋಪಿಚಂದನ ತೇಯುವವರು, ಒಬ್ಬರ ಕಾಲಿಗೆ ಒಬ್ಬರು ಬೀಳುವವರು. ಹಿರಿಯರು ಕಿರಿಯರ ಕಾಲಿಗೂ ಬೀಳುತ್ತಾರೆ. ನಿಮ್ಮ ಕಾಲಿಗೆ ಬಿದ್ದರೆ ಗಾಬರಿಯಾಗಬೇಡಿ. ನೀವೂ ಬಗ್ಗಿ "ಮಾವುಲಿ" ಅನ್ನಿ, ಮುಗಿಯಿತು. ಮಾವುಲಿ ಅಂದರೆ ತಾಯಿ. ಜ್ಞಾನೇಶ್ವರರನ್ನು ಹಾಗೇ ಕರೆಯುತ್ತಾರೆ. ಇಲ್ಲಿ ಗಂಡಸು, ಹೆಂಗಸು, ಬಸ್ ಕಂಡಕ್ಟರ್, ಪೊಲೀಸು ಎಲ್ಲರೂ ಮಾವುಲಿಯೇ. ದಾರಿ ಬಿಡಿಸಿಕೊಳ್ಳಲೂ ಅದೇ ಮಾತು, ಕ್ಷಮೆ ಕೇಳಲೂ ಅದೇ ಮಾತು. ಮರಾಠಿ ಬಾರದವರಿಗೆ ಈ ಒಂದು ಪದ, ಜೊತೆಗೆ "ರಾಮಕೃಷ್ಣ ಹರಿ" ಸಾಕು. ಉಳಿದದ್ದಕ್ಕೆ ಹಿಂದಿ ನಡೆಯುತ್ತದೆ.

ನದಿಯಲ್ಲಿ ಮುಳುಗು ಹಾಕಬೇಡಿ ಎಂದೇ ನಾನು ಹೇಳುವುದು. ಮೇಲಿನಿಂದ ಕಾರ್ಖಾನೆ ನೀರು, ಊರಿನ ಕೊಳಚೆ ಎರಡೂ ಸೇರುತ್ತವೆ. ಕೆಲವು ದಿನ ನೀರಿನ ಮೇಲೆ ಬಿಳಿ ನೊರೆ ಮುದ್ದೆಮುದ್ದೆಯಾಗಿ ತೇಲುತ್ತದೆ. ದೂರದಿಂದ ಹತ್ತಿ ಅನ್ನಿಸಬೇಕು, ಹಾಗೆ. ಅತ್ತೆ ಈಗ ನಾಲ್ಕು ಹನಿ ತಲೆಗೆ ಪ್ರೋಕ್ಷಿಸಿಕೊಂಡು ಬಿಡುತ್ತಾರೆ. ಸ್ನಾನ ಧರ್ಮಶಾಲೆಯ ನಲ್ಲಿಯಲ್ಲಿ.

ಘಾಟಿನಿಂದ ದೇವಸ್ಥಾನಕ್ಕೆ ಕೆಲವೇ ಹೆಜ್ಜೆ. ಮಹಾದ್ವಾರದ ಮೆಟ್ಟಿಲ ಹತ್ತಿರ ಒಂದು ನಿಮಿಷ ನಿಲ್ಲಿ. ಅದು ಹೈಬತ್‌ಬಾಬಾ ಮೆಟ್ಟಿಲು. ಸಾತಾರಾ ಕಡೆಯ ಆರಫಳ ಊರಿನ ಹೈಬತ್‌ಬಾಬಾ ಗ್ವಾಲಿಯರ್ ಶಿಂದೆಯವರ ಪಡೆಯಲ್ಲಿದ್ದವರು. ಎಲ್ಲ ಬಿಟ್ಟು ಬಂದು ಆಳಂದಿಯಲ್ಲಿ ಉಳಿದರು. ಅದಕ್ಕೂ ಮುಂಚೆ, 1685ರಲ್ಲಿ, ತುಕಾರಾಮರ ಮಗ ನಾರಾಯಣ ಮಹಾರಾಜರು ಪಲ್ಲಕ್ಕಿ ಪದ್ಧತಿ ಶುರುಮಾಡಿದ್ದರು. ಆಗ ಜ್ಞಾನೇಶ್ವರರ ಪಾದುಕೆಯೂ ತುಕಾರಾಮರ ಪಾದುಕೆಯೂ ಒಂದೇ ಪಲ್ಲಕ್ಕಿಯಲ್ಲಿ ಹೋಗುತ್ತಿದ್ದವು. 1832ರ ಹೊತ್ತಿಗೆ ಆಳಂದಿಯದನ್ನು ಬೇರೆ ಮಾಡಿ, ದಿಂಡಿಗಳಿಗೆ ಈಗ ನಾವು ನೋಡುವ ಶಿಸ್ತು ತಂದವರು ಹೈಬತ್‌ಬಾಬಾ. ಭಕ್ತರ ಪಾದದ ಧೂಳು ತಾಗುವ ಜಾಗವೇ ಬೇಕೆಂದು ಮೆಟ್ಟಿಲಲ್ಲಿ ನೆಲೆಯಾದರು ಅನ್ನುತ್ತಾರೆ.

ಒಳಗೆ ದರ್ಶನಕ್ಕೆ ಎರಡು ದಾರಿ. ಸಮಾಧಿ ಮುಟ್ಟಿ ನಮಸ್ಕಾರ ಮಾಡುವ ಸಾಲಿಗೆ ದರ್ಶನಬಾರಿ ಅನ್ನುತ್ತಾರೆ. ದೂರದಿಂದ ನೋಡಿ ಬರುವುದು ಮುಖದರ್ಶನ. ಪ್ರಸ್ಥಾನಕ್ಕೆ ಎರಡು ದಿನ ಇರುವಾಗ ಸಾಲು ಗಂಟೆಗಟ್ಟಲೆ ಆಗಬಹುದು. ವಯಸ್ಸಾದವರು, ಮಕ್ಕಳು ಜೊತೆಗಿದ್ದರೆ ಮುಖದರ್ಶನ ಸಾಕು. ಮಧ್ಯಾಹ್ನ ನೈವೇದ್ಯದ ಹೊತ್ತಿಗೆ ದರ್ಶನ ಸ್ವಲ್ಪ ಹೊತ್ತು ನಿಲ್ಲುತ್ತದೆ. ಹಾಗಾಗಿ ಹನ್ನೊಂದೂವರೆಗೆ ಸಾಲಿನ ಬಾಲ ಹಿಡಿಯುವುದು ಜಾಣತನ ಅಲ್ಲ. ನಸುಕಿನ ಕಾಕಡಾರತಿ ಮುಗಿದ ಮೇಲೆ ಹೋಗಿ.

ದರ್ಶನ ಮುಗಿದ ಕೂಡಲೇ ಹೊರಗೆ ಓಡಬೇಡಿ. ಅಂಗಳದಲ್ಲೇ ಅರ್ಧ ಊರಿದೆ. ಸಿದ್ಧೇಶ್ವರನ ಗುಡಿ ಇದೆ, ಅದು ಸಮಾಧಿಗಿಂತ ಹಳೆಯದು. ಸುವರ್ಣ ಪಿಂಪಳ ಅನ್ನುವ ಅರಳಿಮರ ಇದೆ, ಜ್ಞಾನೇಶ್ವರರ ತಾಯಿ ರುಕ್ಮಿಣಿಬಾಯಿ ಅದಕ್ಕೆ ಪ್ರದಕ್ಷಿಣೆ ಹಾಕುತ್ತಿದ್ದರಂತೆ. ಇನ್ನೊಂದು ಕಡೆ ಅಜಾನ ವೃಕ್ಷ. ಅದರ ನೆರಳಲ್ಲಿ ಜನ ಜ್ಞಾನೇಶ್ವರಿ ಪಾರಾಯಣಕ್ಕೆ ಕೂತಿರುತ್ತಾರೆ. ಜ್ಞಾನೇಶ್ವರಿ ಅಂದರೆ ಭಗವದ್ಗೀತೆಗೆ ಜ್ಞಾನೇಶ್ವರರು ಮರಾಠಿ ಪದ್ಯದಲ್ಲಿ ಹೇಳಿದ ವ್ಯಾಖ್ಯಾನ. ಈ ಮರದ ಬೇರು ಸಮಾಧಿಯೊಳಗೆ ನನ್ನ ಕೊರಳಿಗೆ ತೊಡರಿದೆ, ಬಂದು ಬಿಡಿಸು ಎಂದು ಜ್ಞಾನೇಶ್ವರರು ಸಂತ ಏಕನಾಥರ ಕನಸಿನಲ್ಲಿ ಹೇಳಿದರಂತೆ. ಅವರು ಹುಡುಕಿಕೊಂಡು ಬಂದರಂತೆ. ಆ ಹೊತ್ತಿಗೆ ಸುಮಾರು ಮೂರು ಶತಮಾನ ಹಳೆಯದಾಗಿದ್ದ ಸಮಾಧಿ ಮತ್ತೆ ಜನರ ಬಾಯಿಗೆ ಬಂದದ್ದು ಹಾಗೆ. ಆ ಮರದ ಕೆಳಗೆ ಒಬ್ಬ ಅಜ್ಜ ಪುಟದ ಮೇಲೆ ಬೆರಳಿಟ್ಟುಕೊಂಡು ಓವಿ, ಅಂದರೆ ಜ್ಞಾನೇಶ್ವರಿಯ ಪದ್ಯ, ಓದುತ್ತಿದ್ದರು. ಮೇಲಿಂದ ಎಲೆ ಬಿದ್ದರೆ ಕೊಡವುತ್ತಿರಲಿಲ್ಲ, ಅದನ್ನೇ ಗುರುತಿಗೆ ಇಟ್ಟುಕೊಂಡು ಪುಟ ಮಗುಚುತ್ತಿದ್ದರು.

ಈಗ ಕಥೆ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಮುಂದಿನ ಜಾಗಗಳು ಬರೀ ಗೋಡೆ, ಬರೀ ದಂಡೆ. ಜ್ಞಾನೇಶ್ವರರ ತಂದೆ ವಿಠ್ಠಲಪಂತರು ಸಂನ್ಯಾಸ ತೊಟ್ಟು, ಗುರುವಿನ ಮಾತಿನಂತೆ ಮತ್ತೆ ಸಂಸಾರಕ್ಕೆ ಮರಳಿದವರು. ಊರು ಅವರನ್ನು ಬಹಿಷ್ಕರಿಸಿತು. ನಿವೃತ್ತಿ, ಜ್ಞಾನದೇವ, ಸೋಪಾನ, ಮುಕ್ತಾಬಾಯಿ ನಾಲ್ಕೂ ಮಕ್ಕಳು ಸಂನ್ಯಾಸಿಯ ಮಕ್ಕಳು ಅನ್ನಿಸಿಕೊಂಡರು. ಪ್ರಾಯಶ್ಚಿತ್ತ ಎಂದು ತಂದೆತಾಯಿ ಪ್ರಾಣವನ್ನೇ ಬಿಟ್ಟರು. ಜ್ಞಾನದೇವರು 1290ರಲ್ಲಿ ನೇವಾಸೆಯಲ್ಲಿ ಜ್ಞಾನೇಶ್ವರಿ ಹೇಳಿ ಮುಗಿಸಿದರು. ಸುಮಾರು 9,000 ಓವಿ. 1296ರಲ್ಲಿ, 21ನೇ ವಯಸ್ಸಿಗೆ, ತಮ್ಮನ್ನು ಹೊರಗಿಟ್ಟ ಇದೇ ಊರಿಗೆ ಬಂದು ಸಮಾಧಿಯಾದರು.

ಬಹಿಷ್ಕಾರದ ದಿನಗಳಲ್ಲಿ ಆ ಕುಟುಂಬ ಇದ್ದ ಜಾಗ ಸಿದ್ಧಬೇಟ. ನದಿಯ ಪಕ್ಕದಲ್ಲೇ, ಊರ ಹೊರಗೆ. ದೇವಸ್ಥಾನ ನೋಡಿ ಹೋಗುವವರಲ್ಲಿ ಹೆಚ್ಚಿನವರು ಇಲ್ಲಿಗೆ ಬರುವುದೇ ಇಲ್ಲ. ನನ್ನ ಮಟ್ಟಿಗೆ ಆಳಂದಿಯಲ್ಲಿ ತಪ್ಪಿಸಬಾರದ ಜಾಗ ಅಂದರೆ ಇದೇ. ಸದ್ದು ಕಡಿಮೆ, ಗಿಡಮರ ಜಾಸ್ತಿ. ಕೂತು ಊರಿನ ಕಡೆ ನೋಡಿ.

ಬೆಳಗಾವಿಯವರಿಗೆ ಇಲ್ಲೊಂದು ಸ್ವಂತದ ಕಥೆ ಇದೆ. ಮುಕ್ತಾಬಾಯಿಗೆ ಮಾಂಡೆ ಮಾಡುವ ಆಸೆಯಾಯಿತು. ಮಾಂಡೆ ಅಂದರೆ ನಮ್ಮ ಮಂಡಿಗೆ. ಬೋರಲು ಹಾಕಿದ ಗಡಿಗೆಯ ಮೇಲೆ ಹಾಳೆಯಂತೆ ಬೇಯಿಸುತ್ತೇವಲ್ಲ, ಅದೇ. ಆ ಮಕ್ಕಳಿಗೆ ಗಡಿಗೆ ಕೊಡಬಾರದು ಎಂದು ವಿಸೋಬಾ ಎಂಬವರು ಕುಂಬಾರರಿಗೆ ತಾಕೀತು ಮಾಡಿದ್ದರು. ತಂಗಿ ಅಳುತ್ತಾ ಬಂದಳು. ಅಣ್ಣ ಜ್ಞಾನದೇವ ಬಗ್ಗಿ ಕೂತು ಬೆನ್ನು ಕಾಯಿಸಿದ. ಅವಳು ಅದರ ಮೇಲೇ ಮಂಡಿಗೆ ಸುಟ್ಟಳು. ನೋಡಿದ ವಿಸೋಬಾ ಆಮೇಲೆ ಶಿಷ್ಯರೇ ಆಗಿಬಿಟ್ಟರು. ಈ ಕಥೆ ಅತ್ತೆಗೆ ಎಷ್ಟು ಹತ್ತಿರ ಅಂದರೆ, ಮದುವೆಮನೆಯಲ್ಲಿ ಮಂಡಿಗೆ ಬಡಿಸಿದರೆ ಮೊದಲ ಚೂರು ಮುಕ್ತಾಬಾಯಿ ಹೆಸರಲ್ಲಿ ಎತ್ತಿಡುತ್ತಾರೆ.

ಸಂಜೆಗೆ ಗೋಡೆ ನೋಡಲು ಹೋಗಿ. ಯೋಗಿ ಚಾಂಗದೇವ ಹುಲಿ ಮೇಲೆ ಕೂತು, ಹಾವನ್ನು ಚಾವಟಿ ಮಾಡಿಕೊಂಡು ಬಂದನಂತೆ. ಗೋಡೆ ಮೇಲೆ ಕೂತಿದ್ದ ನಾಲ್ಕೂ ಮಕ್ಕಳು ಆ ಗೋಡೆಯನ್ನೇ ನಡೆಸಿಕೊಂಡು ಎದುರುಗೊಳ್ಳಲು ಹೋದರಂತೆ. ಆ ಗೋಡೆ ಇದು ಎಂದು ತೋರಿಸುತ್ತಾರೆ. ದೇವಸ್ಥಾನದಿಂದ ನಡೆದೇ ಹೋಗಬಹುದು, ಆಟೋ ಬೇಡ.

ಎರಡನೇ ದಿನ: ಅಂಗಡಿ ಮತ್ತು ಕುದುರೆ

ಎರಡನೇ ದಿನ ಬೇಗ ಏಳುವ ಅವಸರ ಇಲ್ಲ. ತಿಂಡಿಗೆ ಪೋಹೆ ಅಥವಾ ಮಿಸಳ್, ಮಧ್ಯಾಹ್ನಕ್ಕೆ ಪಿಠಲೆ-ಭಾಕರಿ, ಅಂದರೆ ಕಡಲೆಹಿಟ್ಟಿನ ಪಲ್ಯ, ರೊಟ್ಟಿ. ಉತ್ತರ ಕರ್ನಾಟಕದವರಿಗೆ ಇದು ಮನೆಯ ಊಟವೇ, ಝುಣಕದ ತಂಗಿ. ಬೆಂಗಳೂರು, ಮೈಸೂರು ಕಡೆಯವರು ಅನ್ನ-ಸಾರು ಹುಡುಕಿ ಹೊತ್ತು ಕಳೆಯಬೇಡಿ. ಮೊಟ್ಟೆ, ಮಾಂಸದ ಮಾತು ಈ ಊರಲ್ಲಿ ಬೇಡ.

ಆಮೇಲೆ ವಾದ್ಯದ ಅಂಗಡಿಗಳು. ಆಳಂದಿಯ ಬೀದಿಗಳಲ್ಲಿ ಪಖವಾಜು, ತಾಳ, ವೀಣೆ ಸಾಲುಸಾಲು ತೂಗುಹಾಕಿರುತ್ತಾರೆ. ಯಾಕಂದರೆ ಇದು ಕಲಿಯುವವರ ಊರೂ ಹೌದು. 1917ರಲ್ಲಿ ವಿಷ್ಣುಬುವಾ ಜೋಗ್ ಮಹಾರಾಜರು ಇಲ್ಲಿ ವಾರಕರಿ ಶಿಕ್ಷಣ ಸಂಸ್ಥೆ ಶುರುಮಾಡಿದರು. ಈಗಲೂ ಬಿಳಿ ಅಂಗಿ, ಬಿಳಿ ಧೋತರ ಉಟ್ಟ ಹುಡುಗರು ಬಗಲಲ್ಲಿ ಪುಸ್ತಕ ಇಟ್ಟುಕೊಂಡು ಓಡಾಡುತ್ತಿರುತ್ತಾರೆ. ಅವರನ್ನು ದಾರಿ ಕೇಳಿ, ಜೊತೆಗೇ ಬಂದು ತೋರಿಸುತ್ತಾರೆ.

ತಾಳ ಕೊಳ್ಳುವುದಿದ್ದರೆ ಹೊಳಪು ನೋಡಿ ಕೊಳ್ಳಬೇಡಿ. ಒಂದರ ಅಂಚನ್ನು ಇನ್ನೊಂದಕ್ಕೆ ಮೆಲ್ಲಗೆ ತಾಗಿಸಿ ಕಿವಿಯ ಹತ್ತಿರ ಹಿಡಿಯಿರಿ. ನಾದ ಒಂದೇ ಎಳೆಯಾಗಿ ಸಣ್ಣಗಾಗುತ್ತಾ ಹೋಗಬೇಕು. ನಡುವೆ ನಡುಗಿದರೆ ಎರಡು ಬಟ್ಟಲು ಜೋಡಿಯಲ್ಲ ಅಂತ ಅರ್ಥ. ನಾನು ಹೋದ ಅಂಗಡಿಯಲ್ಲಿ ಒಬ್ಬ ಹುಡುಗ ಪಖವಾಜಿನ ಎಡಬದಿಗೆ ಗೋಧಿ ಹಿಟ್ಟಿನ ಕಣಕ ಮೆತ್ತುತ್ತಿದ್ದ. ಚಪಾತಿಗೆ ನಾದಿದಂತೆ ನಾದಿ, ರೊಟ್ಟಿಯಷ್ಟಗಲ ತಟ್ಟಿ ಅಂಟಿಸಿದ. ಬಾರಿಸಿ ನೋಡಿದ. ಒಂದು ಚಿಟಿಕೆ ಕಿತ್ತು ತೆಗೆದ. ಮತ್ತೆ ಬಾರಿಸಿದ. ಆಮೇಲೆ ಬಂದ ಸದ್ದು ನನ್ನ ಹೊಟ್ಟೆಗೇ ತಾಗಿತು.

ತುಳಸಿ ಮಾಲೆ ಎಲ್ಲೆಡೆ ಸಿಗುತ್ತದೆ. ಆದರೆ ಚಂದ ಕಾಣುತ್ತದೆ ಅಂತ ಕೊರಳಿಗೆ ಹಾಕಿಕೊಳ್ಳಬೇಡಿ. ವಾರಕರಿಗಳಲ್ಲಿ ಮಾಲೆ ಹಾಕುವುದು ಅಂದರೆ ದೀಕ್ಷೆ. ಮಾಂಸ, ಮದ್ಯ ಬಿಟ್ಟು ವಾರಿ ತಪ್ಪಿಸುವುದಿಲ್ಲ ಅಂತ ಮಾತು ಕೊಟ್ಟ ಹಾಗೆ. ಪ್ರಸಾದಕ್ಕೆ ಚುರುಮುರಿ, ಬತ್ತಾಸು ಕಟ್ಟಿಸಿಕೊಳ್ಳಿ.

ಆ ದಿನದ ದೊಡ್ಡ ಆಕರ್ಷಣೆ ಕುದುರೆಗಳು. ಇವು ನಮ್ಮ ಕಡೆಯಿಂದ ಹೋಗುತ್ತವೆ ಅಂತ ಎಷ್ಟೋ ಕನ್ನಡಿಗರಿಗೇ ಗೊತ್ತಿಲ್ಲ. ಬೆಳಗಾವಿ ಜಿಲ್ಲೆ ಚಿಕ್ಕೋಡಿ ತಾಲ್ಲೂಕಿನ ಅಂಕಲಿ, ಕೃಷ್ಣಾ ನದಿಯ ಹತ್ತಿರದ ಊರು. ಅಲ್ಲಿನ ಶಿತೋಳೆ ಸರದಾರರ ಮನೆತನ ಹೈಬತ್‌ಬಾಬಾರಿಗೆ ಮೊದಲಿಂದಲೂ ನೆರವಾಗಿ ನಿಂತಿತು. ಕುದುರೆ, ಡೇರೆ ಎಲ್ಲ ಅವರದೇ. ಈಗಲೂ ಪ್ರತಿವರ್ಷ ಅಂಕಲಿಯಿಂದ ಎರಡು ಕುದುರೆ ಮಿರಜ್, ಸಾತಾರಾ ದಾರಿಯಾಗಿ ಹತ್ತು-ಹನ್ನೊಂದು ದಿನ ನಡೆದು ಆಳಂದಿ ಸೇರುತ್ತವೆ. ಗಾಡಿಯಲ್ಲಿ ಹೇರಿಕೊಂಡು ಹೋಗುವುದಿಲ್ಲ. ಒಂದರ ಮೇಲೆ ಪತಾಕೆ ಹಿಡಿದ ಸವಾರ. ಇನ್ನೊಂದರ ಬೆನ್ನು ಖಾಲಿ, ಅದು ಮಾವುಲಿಯ ಕುದುರೆ. ಅದರ ಮೇಲೆ ಜ್ಞಾನೇಶ್ವರರೇ ಕೂತಿರುತ್ತಾರೆ ಎಂಬ ನಂಬಿಕೆ.

ಪ್ರಸ್ಥಾನದ ಹಿಂದಿನ ದಿನದ ಹೊತ್ತಿಗೆ ಅವು ಊರಿಗೆ ಬರುತ್ತವೆ. ಯಾವ ಅಂಗಡಿಯವರನ್ನು ಕೇಳಿದರೂ ಎಲ್ಲಿ, ಎಷ್ಟು ಹೊತ್ತಿಗೆ ಅಂತ ಹೇಳುತ್ತಾರೆ. ಆಗ ಹತ್ತಿರದಿಂದ ನೋಡಿಬಿಡಿ. ಮರುದಿನ ಅಷ್ಟು ಹತ್ತಿರ ಬಿಡುವುದಿಲ್ಲ. ಜ್ಞಾನೇಶ್ವರರು ತಮ್ಮ ಒಂದು ಅಭಂಗದಲ್ಲಿ ವಿಠ್ಠಲನನ್ನು ಕಾನಡಾ, ಕರನಾಟಕು ಅಂತಲೇ ಕರೆದಿದ್ದಾರೆ. ಅಂಕಲಿಯ ಕುದುರೆ ಊರೊಳಗೆ ಬರುವಾಗ ಅತ್ತೆ ಪಕ್ಕದ ಮರಾಠಿ ಹೆಂಗಸಿಗೆ ಅದನ್ನೇ ಹೇಳಿ, "ದೇವರೂ ನಮ್ಮಾವ, ಕುದುರೀನೂ ನಮ್ಮಾವ" ಅಂತ ಬೀಗಿದ್ದರು.

ದೇಹು ಬಗ್ಗೆ ಒಂದು ಮಾತು. ತುಕಾರಾಮರು ಹುಟ್ಟಿ ಬೆಳೆದ ಊರು ಅದು, ಇದೇ ಇಂದ್ರಾಯಣಿಯ ಮೇಲುಗಡೆ. ಅವರ ಅಭಂಗದ ಕಟ್ಟುಗಳನ್ನು ನದಿಯಲ್ಲಿ ಮುಳುಗಿಸಿದಾಗ 13 ದಿನದ ಮೇಲೆ ತೇಲಿ ಬಂದವು ಎಂಬ ಕಥೆ ಅಲ್ಲಿಯದು. ಗಾಥಾ ಮಂದಿರದ ಗೋಡೆ ತುಂಬ ಅವರ ಅಭಂಗಗಳನ್ನು ಕೆತ್ತಿದ್ದಾರೆ. ಎರಡನೇ ದಿನ ಮಾತ್ರ ಅಲ್ಲಿಗೆ ಹೋಗಬೇಡಿ, ಅವತ್ತೇ ಅಲ್ಲಿ ಪ್ರಸ್ಥಾನ. ಬೇರೆ ಸಲ ನಿಧಾನವಾಗಿ ನೋಡಿ. ರೈಲಿನಲ್ಲಿ ಹೋಗುವವರು ದೇಹು ರೋಡ್ ನಿಲ್ದಾಣದಲ್ಲಿ ಇಳಿದು ಊರು ಬಂತು ಅಂದುಕೊಳ್ಳಬೇಡಿ. ದೇಹು ಗಾಂವ್ ಅಲ್ಲಿಂದ ಇನ್ನೂ ಕೆಲವು ಕಿಲೋಮೀಟರ್ ಒಳಗಿದೆ.

ಪ್ರಸ್ಥಾನದ ದಿನ

ಪ್ರಸ್ಥಾನ ನಡೆಯುವುದು ಸಂಜೆಯ ಮೇಲೆ. ದೇವಸ್ಥಾನದ ಒಳಗೆ ಆ ಹೊತ್ತಿಗೆ ಮಾನದ ದಿಂಡಿಗಳಿಗೆ ಮಾತ್ರ ಪ್ರವೇಶ, ಅದೂ ಎಣಿಸಿ. ನಾವು ನೀವು ಒಳಗೆ ನುಗ್ಗುವ ಪ್ರಯತ್ನ ಮಾಡಬಾರದು. ನೂಕುನುಗ್ಗಲಲ್ಲಿ ಪೆಟ್ಟಾಗುವುದು ಅಲ್ಲೇ.

ನಾನು ಮಾಡುವುದು ಇಷ್ಟು. ಮಧ್ಯಾಹ್ನ ಊಟ ಮಾಡಿ ಒಂದು ನಿದ್ದೆ ತೆಗೆಯುತ್ತೇನೆ. ಮೂರರ ಹೊತ್ತಿಗೆ ನದಿಯ ಆಚೆ ದಂಡೆಗೆ ಹೋಗಿ ಮೇಲಿನ ಮೆಟ್ಟಿಲಲ್ಲಿ ಜಾಗ ಹಿಡಿಯುತ್ತೇನೆ. ಮಳೆ ಜಾಸ್ತಿಯಾಗಿದ್ದರೆ ನೀರು ಘಾಟಿನ ಮೇಲೇ ಬಂದಿರುತ್ತದೆ, ಕೆಳಗಿನ ಮೆಟ್ಟಿಲ ಆಸೆ ಬೇಡ. ಅಲ್ಲಿಂದ ದೇವಸ್ಥಾನದ ಶಿಖರ ಕಾಣುತ್ತದೆ. ಒಳಗೆ ಕುದುರೆಗಳು ಬಂದು ಹೋಗುತ್ತವೆ, ಆರತಿ ಆಗುತ್ತದೆ, ದಿಂಡಿಗಳು ಕುಣಿಯುತ್ತವೆ. ಶಿಖರದ ಕಳಸ ಅಲುಗಿದರೆ ಮಾವುಲಿಯ ಅಪ್ಪಣೆ ಸಿಕ್ಕಿತು ಅಂತ ಲೆಕ್ಕ. ಹಾಗಾಗಿ ದಂಡೆಯಲ್ಲಿ ಕೂತ ಸಾವಿರಾರು ಜನರ ಕಣ್ಣು ಆ ಕಳಸದ ಮೇಲೇ ಇರುತ್ತದೆ. ಯಾರೋ "ಹಲಲಾ, ಹಲಲಾ" ಅಂತ ಕೂಗುತ್ತಾರೆ. ಅಲುಗಿದ್ದು ನನಗೆ ಕಂಡಿಲ್ಲ. ಪಕ್ಕದಲ್ಲಿದ್ದ ಎಂಟು ವರ್ಷದ ಹುಡುಗನಿಗೆ ಕಂಡಿತು.

ಪಲ್ಲಕ್ಕಿ ಹೊರಬಂದು ಊರು ಸುತ್ತಿ ಆ ರಾತ್ರಿ ಊರಲ್ಲೇ ತಂಗುತ್ತದೆ. ಆಜೋಳ ಅನ್ನುತ್ತಾರೆ, ಅಂದರೆ ತಾಯಿಯ ತವರುಮನೆ. ಪ್ರಯಾಣಕ್ಕೆ ಹೊರಟ ಮಗು ಮೊದಲ ರಾತ್ರಿ ಅಜ್ಜಿ ಮನೆಯಲ್ಲಿ ಮಲಗಿದ ಹಾಗೆ.

ಈ ದಿನ ಫೋನ್ ಕೆಲಸ ಮಾಡುವುದಿಲ್ಲ ಎಂದೇ ತಿಳಿಯಿರಿ. ಬೆಳಗ್ಗೆಯೇ ನಿಮ್ಮವರೆಲ್ಲ ಒಂದು ಜಾಗ, ಒಂದು ಹೊತ್ತು ಗೊತ್ತು ಮಾಡಿಕೊಳ್ಳಿ. "ತಪ್ಪಿಸಿಕೊಂಡರೆ ಎಂಟು ಗಂಟೆಗೆ ಧರ್ಮಶಾಲೆ ಬಾಗಿಲು." ಮಕ್ಕಳ ಜೇಬಿನಲ್ಲಿ ಫೋನ್ ನಂಬರು ಬರೆದ ಚೀಟಿ ಇರಲಿ. ಬಂಗಾರ ಮನೆಯಲ್ಲಿ ಬಿಟ್ಟು ಬನ್ನಿ. ಎಲ್ಲರೂ ಮಾವುಲಿಯೇ, ಆದರೆ ಜೇಬುಗಳ್ಳರೂ ಬಂದಿರುತ್ತಾರೆ.

ಮರುದಿನ: ಪುಣೆವರೆಗೆ ನಡಿಗೆ

ಇಷ್ಟು ದೂರ ಬಂದು ಬಸ್ಸು ಹತ್ತಿ ಹೋಗುವುದು ತಪ್ಪೇನಲ್ಲ. ಆದರೆ ಪಲ್ಲಕ್ಕಿ ಹೊರಟ ಬೆಳಗ್ಗೆ ಅದರ ಜೊತೆ ಸ್ವಲ್ಪವಾದರೂ ನಡೆಯಿರಿ. ಥೋರಲ್ಯಾ ಪಾದುಕಾ ಗುಡಿವರೆಗೆ ನಡೆದು ವಾಪಸಾದರೂ ಸರಿ. ತಾಕತ್ತಿದ್ದರೆ ದಿಘಿ, ವಿಶ್ರಾಂತವಾಡಿ ದಾಟಿ ಪುಣೆವರೆಗೆ. ಪೂರ್ತಿ ಒಂದು ದಿನದ ನಡಿಗೆ, ರಾತ್ರಿಯಾಗುತ್ತದೆ.

ಬೆಳಗ್ಗೆ ಪಲ್ಲಕ್ಕಿಗಿಂತ ಅರ್ಧ-ಮುಕ್ಕಾಲು ಗಂಟೆ ಮುಂಚೆ ಹೊರಡಿ. ಎತ್ತಿನ ರಥದ ಹತ್ತಿರ ನಡೆದರೆ ಹೆಜ್ಜೆ ಇಡಲೂ ಜಾಗ ಇರುವುದಿಲ್ಲ. ರಥದ ಮುಂದೆ 27 ದಿಂಡಿ, ಹಿಂದೆ ಇನ್ನೂರಕ್ಕೂ ಹೆಚ್ಚು. ದಿಂಡಿಯ ಸಾಲನ್ನು ಅಡ್ಡ ದಾಟಬೇಡಿ, ಇದು ಮುಖ್ಯ. ಮುಂದೆ ಪತಾಕೆಯವರು, ಆಮೇಲೆ ತಾಳದವರು, ಪಖವಾಜು, ವೀಣೆ ಹಿಡಿದವರು, ತಲೆಯ ಮೇಲೆ ತುಳಸಿಕಟ್ಟೆ ಹೊತ್ತ ಹೆಂಗಸರು. ಅವರ ನಡುವೆ ಸೆಲ್ಫಿಗೆ ನುಗ್ಗಿದರೆ ತಾಳ ತಪ್ಪುತ್ತದೆ. ರಸ್ತೆಯ ಅಂಚಲ್ಲಿ ನಡೆಯಿರಿ. ಜೊತೆಗೆ ಹಾಡಿ, ಪದ ಬಾರದಿದ್ದರೆ "ವಿಠ್ಠಲ ವಿಠ್ಠಲ" ಸಾಕು.

ಊಟದ ಚಿಂತೆ ಬೇಡ. ಪುಣೆ ಊರಿಗೆ ಊರೇ ರಸ್ತೆ ಬದಿಗೆ ನಿಂತು ಬಾಳೆಹಣ್ಣು, ಚಿಕ್ಕಿ, ಪೋಹೆ, ಚಹಾ ಕೊಡುತ್ತದೆ. ಕೊಟ್ಟಿದ್ದೆಲ್ಲ ತಿನ್ನಬೇಡಿ, ಅಷ್ಟೇ. ಹೊಟ್ಟೆ ಕೆಟ್ಟರೆ ಆ ಜನಸಂದಣಿಯಲ್ಲಿ ಪಾಡು ಬೇಡ. ಈಚಿನ ವರ್ಷಗಳಲ್ಲಿ ಸರ್ಕಾರ ದಾರಿಯುದ್ದಕ್ಕೂ ಮೊಬೈಲ್ ಶೌಚಾಲಯ ಇಡುತ್ತಿದೆ. ಹೆಂಗಸರು ಕಂಡಲ್ಲೆಲ್ಲ ಉಪಯೋಗಿಸಿಕೊಳ್ಳಿ, ಮುಂದಿನದು ಎಷ್ಟು ದೂರವೋ, ಅಲ್ವಾ.

ಪುಣೆಯಲ್ಲಿ ಪಲ್ಲಕ್ಕಿ ಎರಡು ರಾತ್ರಿ ತಂಗುತ್ತದೆ. ಜ್ಞಾನೇಶ್ವರರದು ಭವಾನಿ ಪೇಟೆಯ ಪಾಲ್ಖಿ ವಿಠೋಬಾ ಗುಡಿಯಲ್ಲಿ, ತುಕಾರಾಮರದು ನಾನಾ ಪೇಟೆಯ ನಿವಡುಂಗ್ಯಾ ವಿಠೋಬಾ ಗುಡಿಯಲ್ಲಿ. ಆ ದಿನ ಕಾಲಿಗೆ ರಜೆ.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗುವ ಮನಸ್ಸಿದ್ದರೆ ಪುಣೆಯಿಂದ ಸಾಸವಡಕ್ಕೆ ನಡೆಯಿರಿ. 30 ಕಿಲೋಮೀಟರಿಗೂ ಹೆಚ್ಚು, ಕೊನೆಗೆ ದಿವೆ ಘಾಟಿನ ಏರು. ಆದರೆ ಅಲ್ಲಿ ಸಂಜೆಯ ಸಮಾಜ ಆರತಿ ನೋಡಲು ಸಿಗುತ್ತದೆ. ಎಲ್ಲ ದಿಂಡಿಗಳೂ ತಾಳ ಬಾರಿಸುತ್ತಾ ಡೇರೆಯ ಸುತ್ತ ಸೇರುತ್ತವೆ. ಕಿವಿ ಗಡಚಿಕ್ಕುತ್ತದೆ. ಚೋಪದಾರರು ಬೆಳ್ಳಿಯ ಕೋಲು ಮೇಲೆತ್ತುತ್ತಾರೆ. ಒಂದೇ ಕ್ಷಣ, ಸದ್ದೆಲ್ಲ ನಿಂತುಹೋಗುತ್ತದೆ. ಯಾವುದಾದರೂ ದಿಂಡಿ ತಾಳ ನಿಲ್ಲಿಸಲಿಲ್ಲ ಅಂದರೆ ಅವರದೊಂದು ದೂರು ಇದೆ ಎಂದರ್ಥ. ಚೋಪದಾರರು ಅಲ್ಲಿಗೇ ಹೋಗಿ ಕೇಳುತ್ತಾರೆ. ಆಮೇಲೆ ಕಳೆದುಹೋದ ವಸ್ತುಗಳ ಪಟ್ಟಿ. ನಾನು ನಿಂತಿದ್ದ ಸಂಜೆ ಒಂದು ಕನ್ನಡಕ, ಒಂದು ಊರುಗೋಲು, ನೂರೈವತ್ತು ರೂಪಾಯಿ ಇದ್ದ ಎಲೆಅಡಿಕೆ ಸಂಚಿ ಸಿಕ್ಕಿವೆ ಎಂದು ಕೂಗಿದರು. ಸಂಚಿಗೆ ಒಬ್ಬ ಅಜ್ಜಿ ಕೈ ಎತ್ತಿದರು. ತೆರೆದು ಮೊದಲು ನೋಡಿದ್ದು ದುಡ್ಡಲ್ಲ, ಅಡಿಕೆ.

ಚೀಲದಲ್ಲಿ ಏನಿರಬೇಕು

ಹಳೆಯ ಚಪ್ಪಲಿ. ಹೊಸದು ಬೇಡವೇ ಬೇಡ. ನಾನು ಹೊಸ ಬೂಟು ಹಾಕಿಕೊಂಡು ಹೋಗಿ ವಿಶ್ರಾಂತವಾಡಿ ತಲುಪುವಷ್ಟರಲ್ಲಿ ಎರಡೂ ಹಿಮ್ಮಡಿಗೆ ಬೊಬ್ಬೆ ಎಬ್ಬಿಸಿಕೊಂಡೆ, ಉಳಿದ ದಾರಿ ಬೂಟು ಕೈಯಲ್ಲಿ. ಬೆರಳಿನ ಸಂದಿಗೆ, ತೊಡೆಯ ಸಂದಿಗೆ ಹಚ್ಚಲು ವ್ಯಾಸಲೀನ್. ಮಳೆಗೆ ಕೊಡೆಗಿಂತ ದೊಡ್ಡ ಪ್ಲಾಸ್ಟಿಕ್ ಹಾಳೆ ಮೇಲು: ಹೊದ್ದುಕೊಳ್ಳಬಹುದು, ಹಾಸಬಹುದು, ಚೀಲ ಮುಚ್ಚಬಹುದು. ಜನರ ನಡುವೆ ಕೊಡೆಯ ಕಡ್ಡಿ ಕಣ್ಣಿಗೆ ಬರುತ್ತದೆ. ನೀರಿನ ಬಾಟಲಿ, ನಾಲ್ಕು ಪೊಟ್ಟಣ ಓಆರ್‌ಎಸ್, ದಿನದ ಮಾತ್ರೆ, ಪವರ್ ಬ್ಯಾಂಕ್, ಆಧಾರಿನ ಜೆರಾಕ್ಸ್. ಹತ್ತು, ಇಪ್ಪತ್ತರ ಚಿಲ್ಲರೆ ನೋಟು ಬೇಕೇ ಬೇಕು, ನೆಟ್‌ವರ್ಕ್ ಇಲ್ಲದ ಕಡೆ ಫೋನ್‌ಪೇ ನಡೆಯುವುದಿಲ್ಲ. ಇಷ್ಟರ ಮೇಲೆ ಒಂದು ಕಿಲೋ ಜಾಸ್ತಿಯಾದರೂ ಸಂಜೆಗೆ ಹತ್ತು ಕಿಲೋ ಅನ್ನಿಸುತ್ತದೆ.

ವಾಪಸ್

ಪುಣೆಯಿಂದ ಮರಳುವವರಿಗೆ ರಾತ್ರಿ ಬಸ್ಸು, ರೈಲು ಎಂದಿನಂತೆ ಇರುತ್ತವೆ. ಪಲ್ಲಕ್ಕಿ ಪುಣೆಯಲ್ಲಿರುವ ಎರಡು ದಿನ ಪೇಟೆಯ ರಸ್ತೆಗಳು ಬಂದ್. ನಿಲ್ದಾಣಕ್ಕೆ ಎರಡು ಗಂಟೆ ಮುಂಚೆಯೇ ಹೊರಡಿ.

ಏಕಾದಶಿಗೆ ನೇರವಾಗಿ ಪಂಢರಪುರದಲ್ಲೇ ಪಲ್ಲಕ್ಕಿಯನ್ನು ಮತ್ತೆ ಹಿಡಿಯುತ್ತೇನೆ ಅನ್ನುವವರಿಗೆ ಮೈಸೂರು–ಪಂಢರಪುರ ಗೋಲ್‌ಗುಂಬಜ್ ಎಕ್ಸ್‌ಪ್ರೆಸ್ ಇದೆ. ಬೆಂಗಳೂರು, ಹುಬ್ಬಳ್ಳಿ, ಗದಗ, ವಿಜಯಪುರದವರಿಗೆಲ್ಲ ಅನುಕೂಲ. ನಮ್ಮ ಅತ್ತೆ ಈಗ ಮಂಡಿನೋವಿನಿಂದ ಹಾಗೇ ಮಾಡುತ್ತಾರೆ: ಆಳಂದಿಯಲ್ಲಿ ಎರಡು ದಿನ, ಥೋರಲ್ಯಾ ಪಾದುಕಾವರೆಗೆ ನಡಿಗೆ, ಮನೆಗೆ ಬಂದು ಎರಡು ವಾರ ಬಿತ್ತನೆ ಕೆಲಸ, ಆಮೇಲೆ ಪಂಢರಪುರ. ನಡುವಿನ ದಿನಗಳಲ್ಲಿ ಸಂಜೆಯಾದರೆ ಪಂಚಾಂಗ ನೋಡಿ, "ಇವತ್ತು ಫಲಟಣ ಮುಕ್ಕಾಂ, ನಾಳಿ ಬರಡ" ಅಂತ ತಾವೇ ಹೇಳಿಕೊಳ್ಳುತ್ತಿರುತ್ತಾರೆ.